ವರ್ಣದ ಮುಂದಿನ ಖಾಲಿ ಜಾಗ

ಮದುವೆಯ ಬಯೋಡೇಟಾದಲ್ಲಿ ಅತಿ ಚಿಕ್ಕ ಜಾಗ ಬಿಟ್ಟಿರುವುದು ಬಣ್ಣಕ್ಕೆ. ಬರೆಯುವವಳ ಹೊತ್ತನ್ನು ಅತಿ ಹೆಚ್ಚು ತಿನ್ನುವುದೂ ಅದೇ. ವಿದ್ಯೆ, ಎತ್ತರ, ಮನೆತನ ಎಲ್ಲವನ್ನೂ ಒಂದೇ ಉಸಿರಿಗೆ ಬರೆದ ನಾನು, ‘ವರ್ಣ’ ಎಂಬ ಎರಡಕ್ಷರದ ಮುಂದೆ ಪೆನ್ನಿನ ತುದಿ ಕಚ್ಚುತ್ತ, ನಾಸಿಕ್‌ನ ನಮ್ಮ ಊಟದ ಮೇಜಿನ ಬಳಿ ಅರ್ಧ ಮಧ್ಯಾಹ್ನ ಕೂತೆ.

ಮಗಳು ಸಹನಾಳಿಗೆ ಸಂಭಾಜಿನಗರದ ಹತ್ತಿರದ ವೈಜಾಪುರದಿಂದ ಸಂಬಂಧ ಬಂದಿತ್ತು. ಹುಡುಗನ ಅಜ್ಜ ಕಲಬುರಗಿ ಬಿಟ್ಟು ಎಷ್ಟೋ ವರ್ಷವಾದರೂ ಕೈಬರಹದ ಕನ್ನಡವೇ ಬೇಕೆನ್ನುವವರಂತೆ. ಸಂಬಂಧ ತಂದವಳು ಸಂಭಾಜಿನಗರದ ನಾದಿನಿ. ಬೆಳಿಗ್ಗೆಯೇ ಫೋನಿನಲ್ಲಿ ಅವಳ ಅಪ್ಪಣೆಯಾಗಿತ್ತು: “ವೈನಿ, ಗೋಧಿ ಬಣ್ಣ ಅಂತ ಬರೀರಿ. ನೋಡ್ಲಿಕ್ಕೆ ಬಂದಾಗ ಟ್ಯೂಬ್‌ಲೈಟಿನ ಕೆಳಗ ಕೂಡ್ರಿಸಿದ್ರಾತು!” ಪಕ್ಕದಲ್ಲಿದ್ದ ಸಹನಾ ಅಷ್ಟೇ ಸ್ಪಷ್ಟವಾಗಿ ಹೇಳಿದ್ದಳು: “ಮಮ್ಮಿ, ಸುಳ್ಳು ಬರದ್ರ ನಾ ಅವರ ಎದುರಿಗಿ ಕೂಡಂಗಿಲ್ಲ.”

ವಾರಕ್ಕೊಮ್ಮೆ ಗೋಧಿ ಆರಿಸಿ ಗಿರಣಿಗೆ ಕಳುಹಿಸುವ ನನಗೆ, ಆ ಬಣ್ಣದವರು ಈ ಮನೆಯಲ್ಲಿಲ್ಲವೆಂಬುದು ಚೆನ್ನಾಗಿಯೇ ಗೊತ್ತು. ಸಹನಾ ನನ್ನ ಪಡಿಯಚ್ಚು. ನಾನಾದರೋ, ಬೀದರಿನ ಕಾನ್ವೆಂಟಿನ ಕ್ರಿಸ್ಮಸ್ ನಾಟಕದಲ್ಲಿ ದೇವದೂತೆಯಾಗುವ ಆಸೆ ಹೊತ್ತು, ನಾಲ್ಕು ವರ್ಷವೂ ಶಿಶು ಯೇಸುವನ್ನು ನೋಡಲು ಬರುವ ಮೂವರು ರಾಜರಲ್ಲಿ ಕಪ್ಪು ರಾಜನಾದವಳು. “ನಿನಗೆ ಮಸಿಯ ಖರ್ಚಿಲ್ಲ” ಎಂದು ಸಿಸ್ಟರ್ ಹೇಳಿದ್ದನ್ನು ಅಭಿನಯದ ಪ್ರಶಂಸೆಯೆಂದೇ ಬಹುಕಾಲ ನಂಬಿದ್ದೆ.

ಆ ಹೊತ್ತಿಗೆ ಬಂದವಳು ನೀಮಾ. ಕೆನ್ಯಾದವಳು, ಕಾಲೇಜಿನಲ್ಲಿ ಸಹನಾಳ ಜೊತೆ ಫಾರ್ಮಸಿ ಓದುತ್ತಾಳೆ, ಅವಳಿಂದಲೇ ಮರಾಠಿ ವರ್ಣಮಾಲೆ ಕಲಿಯುತ್ತಿದ್ದಾಳೆ. ಕನ್ನಡ ಓದಲು ತಿಣುಕುವ ನನ್ನ ಮಗಳು ಹಾಳೆಯೆತ್ತಿ ‘ವ-ರ್ಣ’ ಎಂದು ಕೂಡಿಸಿ ಓದಿದ್ದೇ ತಡ, ನೀಮಾ ಅಭಿಮಾನದಿಂದ ಹೇಳಿದಳು: “ಕಾಕೂ, ಲಿಹಾ ನಾ, ಸಗಳೇ ಯೇತಾತ!” ಚಿಕ್ಕಮ್ಮಾ, ಬರೆಯಿರಿ, ಎಲ್ಲವೂ ಬರುತ್ತವೆ! ಹುಡುಗಿಗೆ ಎಷ್ಟು ಅಕ್ಷರ ಬರುತ್ತವೆಂದು ಗಂಡಿನವರು ಕೇಳಿದ್ದಾರೆಂದು ಅವಳು ತಿಳಿದಿದ್ದಳು.

ನಾವು ನಕ್ಕು, ನಿಜವಾದ ಅರ್ಥ ಹೇಳಿದೆವು. ಅವಳ ಕುತೂಹಲ ಕೆರಳಿತು. ಕೆಂಪು, ಎಣ್ಣೆಗೆಂಪು, ಗೋಧಿ, ಸಾದಗಪ್ಪು ಎಂದು ನಮ್ಮ ಶ್ರೇಣಿಯನ್ನೆಲ್ಲ ವಿವರಿಸಿ, ಮದುವೆಯ ಆಲ್ಬಮ್ ತೆರೆದು ಪರೀಕ್ಷೆಗಿಟ್ಟೆ. ಪಾಪ, ಪೂರ್ತಿ ನಪಾಸು! ಮನೆತನಕ್ಕೇ ‘ಕೆಂಪು’ ಎಂದು ಹೆಸರಾದ ನಾದಿನಿಯನ್ನೂ ನನ್ನನ್ನೂ ತೋರಿಸಿ “ಸೇಮ್” ಎಂದುಬಿಟ್ಟಳು. ಆಮೇಲೆ ತನ್ನ ಹಿಂದಿಯಲ್ಲಿ, ನಗುತ್ತಲೇ, ಇಲ್ಲಿಯ ಸಾತಪುರದ ರಿಕ್ಷಾದವನೊಬ್ಬ ತನ್ನನ್ನು ‘ಕಾಲೀ’ ಎಂದು ಕೂಗಿದ್ದನ್ನು ಹೇಳಿದಳು. ಅವನ ಕೈ, ತನ್ನ ಕೈ ಎರಡನ್ನೂ ನೋಡಿ ಬಣ್ಣ ಬೇರಾಗುವ ಗೆರೆ ಎಲ್ಲಿದೆಯೆಂದು ದಾರಿಯುದ್ದಕ್ಕೂ ಹುಡುಕಿದಳಂತೆ. ತನ್ನ ದೇಶದಲ್ಲೂ ಹೆಸರು ಕೇಳಿ ಬುಡಕಟ್ಟು ಅಳೆಯುವವರಿದ್ದಾರೆ, ಆದರೆ ನಾನು ಅಲ್ಲಿಗೆ ಹೋದರೆ ನನ್ನ ಕಣ್ಣಿಗೆ ಅವರೆಲ್ಲ ಒಂದೇ ಥರ ಕಾಣುತ್ತಾರೆ ಎಂದೂ ಸೇರಿಸಿದಳು.

ಭೇದವನ್ನು ಕಾಣಲು ಕಣ್ಣಿದ್ದರೆ ಸಾಲದು, ಓದುಗರೇ, ಎಳವೆಯಿಂದ ತಾಲೀಮು ಬೇಕು. ನಾನೂರು ವರ್ಷದ ಹಿಂದೆ ನಾದಿನಿಯ ಊರನ್ನು ನೆಲೆಗೊಳಿಸಿ ಕಾಲುವೆಯ ನೀರು ತಂದವನು ಆಫ್ರಿಕಾದಿಂದ ಗುಲಾಮನಾಗಿ ಬಂದು ವಜೀರನಾದ ಕಪ್ಪು ಮನುಷ್ಯ. ಅದೇ ಊರಿನಲ್ಲಿ ಕೂತು ಅವಳು ನನಗೆ ಗೋಧಿಯ ಉಪದೇಶ ಮಾಡುತ್ತಾಳೆ!

ಧೈರ್ಯ ಬಂತು. ‘ಸಾದಗಪ್ಪು’ ಎಂದು ಬರೆದು, ಸತ್ಯಸಂಧಳಂತೆ ಬೀಗಿದೆ.

“ಹಂಗಂದ್ರ?” ಎಂದಳು ಸಹನಾ.

“ನನ್ನ ಬಣ್ಣ.”

“ನಿಂದು ಕಪ್ಪದ. ಮತ್ತ ‘ಸಾದ’ ಯಾಕ? ಕಪ್ಪಿಗಿ ನೀರು ಬೆರಸ್ತೀ ಏನು?”

ಸಾ, ದ ಎಂಬೆರಡು ವರ್ಣಗಳನ್ನು ಹೊಡೆದುಹಾಕಿದೆ. ಉಳಿದದ್ದು ‘ಗಪ್ಪು’. ನಮ್ಮ ಕಡೆ ಗಪ್ ಎಂದರೆ ಬಾಯಿ ಮುಚ್ಚಿಕೊಂಡಿರು ಎಂದರ್ಥ. ಇಷ್ಟು ವರ್ಷ ಹಾಗಿದ್ದದ್ದು ಸಾಕೆನಿಸಿತು. ಗಕಾರವನ್ನು ಕಕಾರ ಮಾಡಿ, ಹಾಳೆಯ ಫೋಟೋ ತೆಗೆದು ನಾದಿನಿಗೆ ಕಳುಹಿಸಿದೆ.