ಹಣತೆಗೆ ಹೊಯ್ದ ಎಣ್ಣೆ

ಮಾರಿಕಣಿವೆಯಲ್ಲಿ ಅಣೆಕಟ್ಟೆ ಏಳುತ್ತಿದ್ದ ವರ್ಷಗಳವು. ಹಿರಿಯೂರಿನಿಂದ ಹೊಸದುರ್ಗದ ಕಡೆಗೆ ಹೋಗುವ ಬಂಡಿಜಾಡಿನ ಮಗ್ಗುಲಲ್ಲಿ ಒಂದು ಕುರುಬರ ಹಟ್ಟಿ. ಗಂಡಸರು ಅರ್ಧಕ್ಕರ್ಧ ಕಲ್ಲು ಹೊರಲು ಹೋಗಿದ್ದರು, ಉಳಿದವರು ಕುರಿಯ ಹಿಂದೆ. ಹಟ್ಟಿಯಲ್ಲಿ ಮುದುಕರು, ಹೆಂಗಸರು, ಬಸುರಿಯರು. ಆ ಬಸುರಿಯರನ್ನೆಲ್ಲ ಹೆರಿಸುವವಳು ಸೂಲಗಿತ್ತಿ ಉಚ್ಚಂಗಮ್ಮ. ಹೆರುವವಳ ಹಿಂದೆ ಕೂತು ಸೊಂಟ ಹಿಡಿಯುವವಳು ಬರಗೇರಮ್ಮ.

ಹಟ್ಟಿಗೊಂದು ಕಟ್ಟಳೆಯಿತ್ತು. ಬೇನೆ ಶುರುವಾದ ಕೂಡಲೇ ಹಣತೆಗೆ ಹರಳೆಣ್ಣೆ ಹೊಯ್ದು ಹಚ್ಚಬೇಕು. ಎಣ್ಣೆ ತೀರುವುದರೊಳಗೆ ಕೂಸು ಹೊರಗೆ ಬರಬೇಕು. ನಡುವೆ ಮತ್ತೆ ಎಣ್ಣೆ ಹೊಯ್ದರೆ ದೀಪ ಕೂಸಿನ ಆಯುಷ್ಯ ಕುಡಿಯುತ್ತದೆ. ಅದಕ್ಕೇ ದೀಪ ಹಚ್ಚಿದ ಗಳಿಗೆಯಿಂದಲೇ ಉಚ್ಚಂಗಮ್ಮ ತೊಲೆಯಿಂದ ಇಳಿಬಿಟ್ಟ ಹಗ್ಗವನ್ನು ಹೆಣ್ಣಿನ ಕೈಗೆ ಕೊಟ್ಟು, ಕುಕ್ಕರುಗಾಲಲ್ಲಿ ಕೂರಿಸಿ, ತಿಣುಕು ತಿಣುಕು ಎಂದು ಗದರುತ್ತಿದ್ದಳು. ಗರ್ಭದ ಬಾಯಿ ಬಿಟ್ಟಿದೆಯೋ ಇಲ್ಲವೋ ಯಾರಿಗೂ ಬೇಡ. ದೀಪ ನೋಡುವುದು, ತಿಣುಕಿಸುವುದು. ಉಚ್ಚಂಗಮ್ಮ ಕೆಟ್ಟವಳಲ್ಲ. ಅವಳನ್ನೂ ಹಾಗೇ ತಿಣುಕಿಸಿದ್ದರು.

ಬರಗೇರಮ್ಮ ಹಿಡಿದ ಸೊಂಟಗಳಲ್ಲಿ ಕೆಲವು ಅವಳ ತೋಳಿನಲ್ಲೇ ತಣ್ಣಗಾಗಿದ್ದವು. ಗಾಳಿ ಮುಟ್ಟಿತು ಎಂದು ಮಣ್ಣು ಮಾಡಿ ಬಂದವರು ಮರುದಿನ ಕುರಿ ಬಿಡುತ್ತಿದ್ದರು. ಅವಳ ಗಂಡ ಗುಡ್ಡಪ್ಪನೋ, ಈಯುವ ಕುರಿಯ ಹತ್ತಿರ ಯಾರಾದರೂ ಸುಳಿದರೆ ಕೋಲೆತ್ತುತ್ತಿದ್ದ. ನೀರುಚೀಲ ಕಾಣುವ ತನಕ ಅದರ ಪಾಡಿಗೆ ಬಿಡಬೇಕು ಅನ್ನುತ್ತಿದ್ದ. ಆ ಮಾತು ಬರಗೇರಮ್ಮನ ತಲೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತ್ತು. ಮಗಳು ಚಂದ್ರಕ್ಕ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಾಗ ಅವಳು ಉಚ್ಚಂಗಮ್ಮನನ್ನು ಕೇಳಿಯೇ ಬಿಟ್ಟಳು.

“ಅಲ್ಲ ದೊಡ್ಡವ್ವ, ತಾನಾಗೇ ತಿಣುಕು ಬರೋಗಂಟ ಯಾಕೆ ಕಾಯಬಾರ್ದು? ಕುರಿಗೆ ಯಾರು ದೀಪ ಹಚ್ತಾರೆ?”

“ಹಂಗಾರೆ ನಿನ್ ಮಗಳನ್ನ ರೊಪ್ಪದಾಗೆ ಕೂಡು. ಹುಲ್ಲು ನಾನೇ ಹಾಕ್ತೀನಿ,” ಎಂದಳು ಉಚ್ಚಂಗಮ್ಮ.

ಸುತ್ತ ಕೂತವರು ನಕ್ಕರು. ಬರಗೇರಮ್ಮನೂ ನಕ್ಕಳು.

ದಿನ ತುಂಬಿ, ಒಂದು ದಿನ ಹೊತ್ತೇರುವಾಗ ಚಂದ್ರಕ್ಕನಿಗೆ ಬೇನೆ ಹತ್ತಿತು. ದೀಪ ಹಚ್ಚಿದರು, ಹಗ್ಗ ಕೊಟ್ಟರು. ಹೊತ್ತು ನೆತ್ತಿ ದಾಟುವಷ್ಟರಲ್ಲಿ ಹುಡುಗಿಯ ಕುತ್ತಿಗೆಯ ನರ ಹಗ್ಗದಂತೆ ಉಬ್ಬಿ, ಕಣ್ಣ ಬಿಳಿಯಲ್ಲಿ ರಕ್ತ ಒಡೆದಿತ್ತು. ಹಿಂದೆ ಕೂತ ಬರಗೇರಮ್ಮ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಹೊಟ್ಟೆ ಮೆತ್ತಗಿತ್ತು. ಬೇನೆ ಇಲ್ಲದಾಗಲೂ ತಿಣುಕಿಸುತ್ತಿದ್ದರು. ಹಣತೆಯ ಎಣ್ಣೆ ತಳ ಕಂಡಿತು, ಬತ್ತಿ ಚಟಚಟ ಅಂದಿತು. ಉಚ್ಚಂಗಮ್ಮ ಮೊಣಕಾಲೂರಿ, ಮುಂಗೈಯನ್ನು ಹೊಟ್ಟೆಗೆ ಕೊಟ್ಟು ಮೇಲಿನಿಂದ ಒತ್ತತೊಡಗಿದಳು. ಚಂದ್ರಕ್ಕ ಕಿರುಚಲಿಲ್ಲ. ಕಿರುಚುವ ಶಕ್ತಿ ಉಳಿದಿರಲಿಲ್ಲ.

ಬರಗೇರಮ್ಮ ಸೊಂಟ ಬಿಟ್ಟು ಎದ್ದಳು. ಗೂಡಿನಲ್ಲಿದ್ದ ಗಿಂಡಿ ತೆಗೆದು ಹಣತೆಗೆ ತುಂಬ ಎಣ್ಣೆ ಹೊಯ್ದಳು.

ಉಚ್ಚಂಗಮ್ಮ ಕೈ ತೊಳೆದುಕೊಂಡು ಸೆರಗಿಗೆ ಒರೆಸಿದಳು.

“ಮಗಳೂ ನಿಂದು, ಕೇಡೂ ನಿಂದು.”

ಅವಳ ಹಿಂದೆಯೇ ಉಳಿದವರೂ ಹೊರಟರು. ಬರಗೇರಮ್ಮ ಹಗ್ಗ ಬಿಚ್ಚಿ ಎಸೆದು, ಮಗಳನ್ನು ಕಂಬಳಿಯ ಮೇಲೆ ಮಗ್ಗುಲಾಗಿ ಮಲಗಿಸಿದಳು. “ಬೇನೆ ಇಲ್ದಾಗ ಸುಮ್ಕಿರವ್ವ. ತಿಣುಕು ಬಂದಾಗ ಅದು ನಿನ್ನ ಕೇಳಲ್ಲ,” ಎಂದಳು. ಹುಡುಗಿ ಬೇನೆ ಬೇನೆಯ ನಡುವೆ ತೂಕಡಿಸಿದಳು. ಹೊರಗೆ ಜಗಲಿಯ ಮೇಲೆ ಹೆಂಗಸರು ಪಿಸುಗುಡುತ್ತ ಕಾಯುತ್ತಿದ್ದರು, ಹೆರಿಗೆಗೋ ಹೆಣಕ್ಕೋ ತಿಳಿಯದಂತೆ.

ಕುರಿ ಹಟ್ಟಿಗೆ ತಿರುಗುವ ಹೊತ್ತಿಗೆ ಮೈ ತಾನಾಗೇ ತಿಣುಕಿತು. ಗಂಡುಕೂಸು ಬಂತು. ಅಳಲಿಲ್ಲ. ಬರಗೇರಮ್ಮ ಕಾಲು ಹಿಡಿದು ಬೆನ್ನಿಗೆ ಬಡಿದಳು, ಬಾಯಿಗೆ ಊದಿದಳು. ಅಳಲೇ ಇಲ್ಲ. ಚಂದ್ರಕ್ಕನ ರಕ್ತ ನಿಂತಿತು, ಅವಳು ಬದುಕಿದಳು.

ದೀಪ ಕೂಸನ್ನು ಕುಡಿಯಿತು ಎಂದಿತು ಹಟ್ಟಿ. ಉಚ್ಚಂಗಮ್ಮ ಬಂದು ನೋಡಿದಳು. ಕೂಸಿನ ನೆತ್ತಿ ಉದ್ದಕ್ಕೆ ಹಿಂಡಿಹೋಗಿ ಕಪ್ಪಗೆ ಬಾತಿತ್ತು. ಅದರ ಮೇಲೆ ಬೆರಳಾಡಿಸಿ, ತನ್ನ ಮುಂಗೈ ನೋಡಿಕೊಂಡು, ಕೂಸಿನ ಮೇಲೆ ಬಟ್ಟೆ ಎಳೆದಳು. ಅವಳೊಬ್ಬಳು ಬಾಯಿ ಬಿಟ್ಟಿದ್ದರೆ ಸಾಕಿತ್ತು. ಬಿಡಲಿಲ್ಲ.

ಆಮೇಲೆ ಯಾರೂ ಬರಗೇರಮ್ಮನನ್ನು ಸೊಂಟ ಹಿಡಿಯಲು ಕರೆಯಲಿಲ್ಲ. ಹೆರಿಗೆಯ ಮನೆಯಲ್ಲಿ ಎಣ್ಣೆಯ ಗಿಂಡಿಯನ್ನು ಅಟ್ಟಕ್ಕೇರಿಸುತ್ತಿದ್ದರು. ಗೋಡೆಯಾಚೆಯಿಂದ ತಿಣುಕು ತಿಣುಕು ಎಂಬ ಗದರು ಕೇಳಿದಾಗೆಲ್ಲ ಅವಳು ಮಾಡುತ್ತಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದಳು. ಕೆಲವು ದಿನ ಅವಳಿಗೇ ಅನುಮಾನ ಬರುತ್ತಿತ್ತು, ಎಣ್ಣೆಯೇ ಕೊಂದಿತೇನೋ ಎಂದು.

ಚಂದ್ರಕ್ಕ ಮತ್ತೆ ಬಸುರಿಯಾಗಿ ಬಂದಳು. ದಿನ ತುಂಬುತ್ತಿದ್ದಂತೆ ಒಂದು ಬೆಳಿಗ್ಗೆ ಹೊಸ್ತಿಲ ಮೇಲೆ ಹೊಸ ಹಣತೆಯೊಂದು ಕೂತಿತ್ತು. ಇಟ್ಟವಳು ಉಚ್ಚಂಗಮ್ಮ, ಎದುರು ಜಗಲಿಯಲ್ಲಿ ಕೂತು ನೋಡುತ್ತಿದ್ದಳು. ಹಣತೆ ಹಟ್ಟಿಯಲ್ಲಿ ಯಾರೂ ಕಂಡಿರದಷ್ಟು ದೊಡ್ಡದು, ಒಂದು ಹಗಲು ಒಂದು ರಾತ್ರಿ ಉರಿಯುವಷ್ಟು ಎಣ್ಣೆ ಹಿಡಿಯುವಂಥದ್ದು. ಮುದುಕಿಗೆ ಎಲ್ಲ ಗೊತ್ತಿತ್ತು. ಕಟ್ಟಳೆ ಮಾತ್ರ ಬಿಡಳು.

ಚಂದ್ರಕ್ಕ ಹಣತೆಯನ್ನು ಕಾಲಿನಿಂದ ಸರಿಸಿದಳು.

“ಅವ್ವಾ, ಈ ಸಲ ದೀಪಾನೇ ಹಚ್ಬ್ಯಾಡ.”

ಬರಗೇರಮ್ಮ ಹಣತೆಯನ್ನು ಎತ್ತಿ ಹೊಸ್ತಿಲ ಹೊರಗೆ ಬೋರಲು ಹಾಕಿದಳು. ಎದುರು ಜಗಲಿಯಿಂದ ಉಚ್ಚಂಗಮ್ಮ ಎದ್ದು, ಒಳಹೋಗಿ, ಕದ ಮುಚ್ಚಿಕೊಂಡಳು. ಹಟ್ಟಿಯ ಬಾಕಿ ಕದಗಳೂ ಒಂದೊಂದಾಗಿ ಮುಚ್ಚಿಕೊಂಡವು. ಚಂದ್ರಕ್ಕ ಆಗಲೇ ಬೇನೆ ಹತ್ತಿ ಗೋಡೆಗೆ ಕೈಯೂರಿ ನಿಂತಿದ್ದಳು.