ಆಪರೇಷನ್ ದಿನದ ಮಲ್ಲಿಗೆ ಮಾಲೆ

ಕಳೆದ ವರ್ಷದ ಬೇಸಿಗೆ ರಜೆ. ನನ್ನ ಮಗ ಅಯಾನ್‌ಗೆ ಆಗ ಐದು ವರ್ಷ. ಅವನ ಬೀಜದ ಚೀಲದ ಒಂದು ಬದಿ ಊದಿಕೊಳ್ಳುತ್ತಿತ್ತು. ಬೆಳಿಗ್ಗೆ ಇಳಿದಿರುತ್ತಿತ್ತು, ಆಡಿ ಕುಣಿದು ಬಂದರೆ ಸಂಜೆಗೆ ಮತ್ತೆ ದಪ್ಪ. ತಾನಾಗಿಯೇ ಕರಗೀತು ಎಂದು ಕಾದದ್ದೇ ಬಂತು. ಓಣಿಯವರು ಒಬ್ಬೊಬ್ಬರು ಒಂದೊಂದು ಹೇಳಿ ನನ್ನ ತಲೆ ಕೆಡಿಸಿದ್ದರು. ಮುಂದೆ ಇವನಿಗೆ ಮಕ್ಕಳಾಗುವುದಿಲ್ಲ ಎಂದವರೂ ಇದ್ದರು.

ಕೊನೆಗೆ ರಾಣೆಬೆನ್ನೂರಿನಿಂದ ಹಾವೇರಿಗೆ ಹೋಗಿ ಡಾಕ್ಟರಿಗೆ ತೋರಿಸಿದೆವು. “ಇದು ಹೈಡ್ರೋಸಿಲ್‌ರಿ. ಹುಟ್ಟೂದಕ್ಕಿಂತ ಮೊದಲ ಮುಚ್ಚಬೇಕಾಗಿದ್ದ ಸಣ್ಣ ದಾರಿ ಮುಚ್ಚಿಲ್ಲ. ಹೊಟ್ಟಿಯಾಗಿನ ನೀರು ಅದರಾಗಿಂದ ಕೆಳಗ ಇಳಿತೈತಿ. ಅದನ್ನ ಕಟ್ಟಿಬಿಟ್ರ ಆತು, ಸಂಜಿಗೆ ಮನಿಗೆ ಹೋಗ್ತೀರಿ,” ಎಂದರು. ಈ ಊತದಿಂದಾಗಿ ಅಯಾನ್‌ನ ಖತ್ನಾ, ಅಂದರೆ ಸುನ್ನತಿ, ಹಾಗೇ ಉಳಿದಿತ್ತು. ಆಪರೇಷನ್ನಿಗೆ ಅರಿವಳಿಕೆ ಕೊಟ್ಟಾಗ ಅದನ್ನೂ ಮುಗಿಸಬಹುದು ಎಂದರು.

ನನಗೆ ಆ ಅರಿವಳಿಕೆಯದೇ ಭಯ. ಮಗ ಕಣ್ಣು ಬಿಡದಿದ್ದರೆ? ಅತ್ತೆಗೆ ಮಾತ್ರ ಹಬ್ಬ; ನಮ್ಮಲ್ಲಿ ಖತ್ನಾದ ದಿನ ಹುಡುಗನನ್ನು ಮದುಮಗನಂತೆ ಸಿಂಗರಿಸುತ್ತಾರೆ. ಆಪರೇಷನ್ ದಿನ ಬ್ಯಾಡಗಿಯಿಂದ ಜರಿ ಟೋಪಿ, ಎರಡು ಮಲ್ಲಿಗೆ ಮಾಲೆ ತಂದರು. ಒಂದು ಮೊಮ್ಮಗನಿಗೆ, ಒಂದು ಅವನ ಅಪ್ಪನಿಗೆ. ನನ್ನ ಗಂಡ ನಾಚಿಕೊಂಡು ಮಾಲೆ ಹಾಕಿಕೊಳ್ಳಲೇ ಇಲ್ಲ.

ಪಕ್ಕದ ಮಂಚದಲ್ಲಿ ದೇವರಗುಡ್ಡದ ಮಾಲತೇಶ. ಅವನಿಗೂ ಇದೇ ಆಪರೇಷನ್. ಬೆಳಿಗ್ಗೆಯಿಂದ ಅಜ್ಜಿಯ ಸೆರಗು ಹಿಡಿದು ಅಳುತ್ತಿದ್ದವನು ಅಯಾನ್‌ನ ಮಾಲೆ ಕಂಡದ್ದೇ, “ನನಗೂ ಮಾಲಿ ಬೇಕು,” ಎಂದ. “ತಗೋಪಾ ರಾಜಾ,” ಎಂದು ಅತ್ತೆ ಉಳಿದ ಮಾಲೆಯನ್ನು ಅವನ ಕೊರಳಿಗೆ ಹಾಕಿದರು. ಅಳು ನಿಂತಿತು. ನನ್ನ ಗಂಡ ಇಬ್ಬರದೂ ಫೋಟೋ ತೆಗೆದರು.

“ಏನ್ ವಿಶೇಷರೀ ನಿಮ್ಮಲ್ಲಿ?” ಎಂದು ಆ ಅಜ್ಜಿ ಖುಷಿಯಿಂದ ಕೇಳಿದರು.

“ಆಪರೇಷನ್ ಜೋಡಿ ನಮ್ಮ ಹುಡುಗನ ಖತ್ನಾನೂ ಐತ್ರಿ. ಅದಕ್ಕ ಮಾಲಿ,” ಎಂದರು ಅತ್ತೆ.

ಅಜ್ಜಿಯ ಮುಖ ಬಿಳಿಚಿಕೊಂಡಿತು. ಸರಕ್ಕನೆ ಮೊಮ್ಮಗನ ಮಾಲೆಗೆ ಕೈ ಹಾಕಿದರು. “ಯವ್ವಾ! ಮಾಲಿ ನೋಡಿ ನಮ್ಮ ಹುಡುಗಂದೂ ಮಾಡಿಬಿಟ್ರ ಏನ್ ಗತಿ!”

ಮಾಲತೇಶ ಮಾಲೆ ಬಿಡಲೊಲ್ಲ, ಅಜ್ಜಿ ಕೇಳಲೊಲ್ಲರು. ಸಿಸ್ಟರ್ ಓಡಿಬಂದು, “ಅಜ್ಜಿ, ಕೈಗೆ ಹೆಸರಿನ ಪಟ್ಟಿ ಕಟ್ಟೇವಿ, ಮಾಲಿ ಯಾರೂ ನೋಡಂಗಿಲ್ಲ,” ಎಂದರೂ ಸಮಾಧಾನವಿಲ್ಲ. ಕೊನೆಗೆ ಡಾಕ್ಟರೇ ಬಂದು ಇಬ್ಬರ ತಲೆ ಮುಟ್ಟಿ ಹೇಳಿದರು: “ಇಂವ ಮಾಲತೇಶ, ಇಂವಗ ಒಂದ. ಇಂವ ಅಯಾನ್, ಇಂವಗ ಎರಡು. ಸರಿ ಏನಜ್ಜಿ?”

ಮೊದಲು ನಕ್ಕವರು ಆ ಅಜ್ಜಿಯೇ. ಆಮೇಲೆ ಇಡೀ ವಾರ್ಡೇ ನಕ್ಕಿತು. ಮಾಲೆ ತೆಗೆದಿಟ್ಟು ಒಳಗೆ ಕರೆದೊಯ್ಯುವಾಗ ಅಯಾನ್ ಎರಡು ಬೆರಳು ತೋರಿಸಿ, “ಅಮ್ಮಿ, ನನಗ ಎರಡು!” ಎಂದು ಜಂಬ ಕೊಚ್ಚಿಕೊಂಡ. ಅಳಬೇಕಾಗಿದ್ದ ನಾನು ನಗುತ್ತಾ ಕಳಿಸಿದೆ.

ಬಾಗಿಲು ಮುಚ್ಚಿದ ಮೇಲೆ ನಾನು ಅದನ್ನೇ ನೋಡುತ್ತಾ ಕೂತೆ. ಆ ಅಜ್ಜಿ ಬಂದು ನನ್ನ ಕೈ ಹಿಡಿದು ಕೂತರು, ಇಬ್ಬರೂ ಹುಡುಗರು ಹೊರಗೆ ಬರುವ ತನಕ ಬಿಡಲಿಲ್ಲ. ಅಯಾನ್ ಕಣ್ಣು ಬಿಟ್ಟು “ಅಮ್ಮಿ” ಎಂದಾಗ ನನಗೆ ಹೋದ ಜೀವ ಬಂದಂತಾಯಿತು.

ಈಗ ಊತವಿಲ್ಲ, ನೋವಿಲ್ಲ. ಆ ಫೋಟೋ ನಮ್ಮ ಗೋಡೆಯ ಮೇಲಿದೆ, ನೋಡಿದಾಗಲೆಲ್ಲ ಮನಸ್ಸು ಹಗುರಾಗುತ್ತದೆ. ಮನೆಗೆ ಬಂದವರು, “ಇನ್ನೊಬ್ಬಾಂವ ಯಾರ್ರಿ?” ಎಂದು ಕೇಳುತ್ತಾರೆ.

“ಅಂವನೂ ನಮ್ಮ ಮದುಮಗನ,” ಎನ್ನುತ್ತಾರೆ ಅತ್ತೆ. “ಅವರಜ್ಜಿ ಬಿಡಲಿಲ್ಲ, ಅಷ್ಟ!”