ಬೈರಮ್ಮನ ಪಾಠಕ್ಕೆ ನನ್ನ ಎಡಗೈ

ನನ್ನ ಎಡಗೈ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ನಾಲ್ಕೂ ತಾಲ್ಲೂಕಿನ ಮಕ್ಕಳಿಗೆ ಗೊತ್ತು. ಮುಖದ ಗುರುತು ಯಾರಿಗೂ ಇಲ್ಲ. ನನ್ನ ಹೆಂಡತಿ ಬೈರಮ್ಮ ಮೂವತ್ತೆರಡು ವರ್ಷ ನರ್ಸ್ ಆಗಿ ದುಡಿದು ನಿವೃತ್ತಳಾದರೂ ಸುಮ್ಮನೆ ಕೂರುವ ಜೀವವಲ್ಲ. ಚಿನಕುರಳಿಯ ನಮ್ಮ ನಡುಮನೆಯಿಂದಲೇ ಹೊಸ ನರ್ಸಿಂಗ್ ಮಕ್ಕಳಿಗೆ ಮೊಬೈಲಿನಲ್ಲಿ ವಿಡಿಯೋ ಪಾಠ ಹೇಳುತ್ತಾಳೆ. ಬ್ಯಾಂಡೇಜ್ ಸುತ್ತುವುದಿರಲಿ, ಬಿಪಿ ನೋಡುವುದಿರಲಿ, ಮಂಚದ ಮೇಲೆ ಬಿದ್ದುಕೊಳ್ಳುವ ರೋಗಿ ನಾನೇ; ಕ್ಯಾಮೆರಾಗೆ ಕಾಣುವುದು ಎಡಗೈ ಮಾತ್ರ. ಒಂಚೂರು ನಕ್ಕರೆ, "ರೋಗಿ ಅಂಗೆಲ್ಲ ಕಿಸಿಯಲ್ಲ, ಸುಮ್ಕಿರಿ" ಎಂದು ಗದರುತ್ತಾಳೆ.

ಮಕ್ಕಳು ತಮ್ಮ ಮನೆಯವರಿಗೆ ಅದನ್ನೇ ಮಾಡಿ ತೋರಿಸಬೇಕು. ಅರಕೆರೆಯ ಧನುಶ್ರೀಗೆ ಅವಳಜ್ಜಿ ಚಲುವಮ್ಮನವರೇ ರೋಗಿ. ಬಿಪಿ ನೋಡುವುದರಲ್ಲಿ ಹುಡುಗಿ ದಿನಾ ಎಡವುತ್ತಿದ್ದಳು. ಊರೋರೆಲ್ಲ ನೋಡುತ್ತಾರೆಂದು ಅಜ್ಜಿ ಕ್ಯಾಮೆರಾ ಮುಂದೆ ರವಿಕೆ ತೋಳು ಮೇಲೆತ್ತಲು ಬಿಡುತ್ತಿರಲಿಲ್ಲ. ಹುಡುಗಿ ಬಟ್ಟೆಯ ಮೇಲೆಯೇ ಪಟ್ಟಿ ಸುತ್ತಿ, ಲೆಕ್ಕ ತಪ್ಪಿ, ಬೈರಮ್ಮನಿಂದ ಬೈಸಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಧನುಶ್ರೀಯ ಕಡೆಯಿಂದ ಬರೀ ಗೋಡೆಯ ಕ್ಯಾಲೆಂಡರ್ ಕಾಣಿಸಿತು. ದನಿ ಮಾತ್ರ ಬಂತು: "ನೂರಾ ತೊಂಬತ್ತು, ನೂರಾ ಹತ್ತು, ಮೇಡಂ."

ಅಷ್ಟೊಂದು ಬಿಪಿ ಕೇಳಿ ಎಲ್ಲರೂ ನಕ್ಕರು. ಬೈರಮ್ಮನೂ ನಕ್ಕಳು. "ಮತ್ತೆ ರವಿಕೆ ಮೇಲೇ ಸುತ್ತಿದ್ದೀಯ ಕಣವ್ವ."

"ಇಲ್ಲ ಮೇಡಂ, ತೋಳು ಎತ್ತೇ ಸುತ್ತಿವ್ನಿ. ಅದ್ಕೇ ಮೊಬೈಲ್ ಗೋಡೆ ಕಡೆ ತಿರುಗ್ಸಿರೋದು. ಮೂರು ಸಲ ನೋಡ್ದೆ, ಅಷ್ಟೇ ಬತ್ತದೆ. ಇದೂ ತಪ್ಪಾದ್ರೆ ನಾನು ಈ ಕೋರ್ಸೇ ಬುಟ್ಬುಡ್ತೀನಿ."

ಬೈರಮ್ಮನ ನಗು ನಿಂತಿತು. "ಅಜ್ಜೀನ ಅಲ್ಲಾಡಿಸ್ದೆ ಮಲಗ್ಸು, ಬಂದೆ" ಎಂದವಳೇ ಪಾಠ ನಿಲ್ಲಿಸಿ, "ರೀ, ಸ್ಕೂಟರ್ ತೆಗೀರಿ" ಎಂದಳು. ದಾರಿಯುದ್ದಕ್ಕೂ "ಬೇಗ, ಬೇಗ" ಎಂದು ನನ್ನ ಬೆನ್ನು ತಟ್ಟುತ್ತಲೇ ಇದ್ದಳು. ನನಗೆ ಅದೇ ಹೆಚ್ಚು ದಿಗಿಲಾಯಿತು.

ಅರಕೆರೆಯಲ್ಲಿ ಅವಳೇ ಪಟ್ಟಿ ಸುತ್ತಿ, ಕಿವಿಗೊಟ್ಟು, ಎರಡು ಸಲ ನೋಡಿದಳು. ಹುಡುಗಿ ಹೇಳಿದಷ್ಟೇ ಇತ್ತು. ಕೂಡಲೇ ಆಟೋ ಹಿಡಿದು ಅಜ್ಜಿಯನ್ನು ಶ್ರೀರಂಗಪಟ್ಟಣದ ಆಸ್ಪತ್ರೆಗೆ ಕರೆದೊಯ್ದೆವು. ಸಂಜೆವರೆಗೆ ಇರಿಸಿಕೊಂಡು, ಮಾತ್ರೆ ಬರೆದುಕೊಟ್ಟು, ಉಪ್ಪಿನಕಾಯಿ ಮುಟ್ಟಬೇಡಿ ಎಂದು ಹೇಳಿ ಕಳಿಸಿದರು. ಚಲುವಮ್ಮನವರಿಗೆ ಕಾಯಿಲೆಗಿಂತ ಉಪ್ಪಿನಕಾಯಿಯದೇ ಸಂಕಟ.

ಮಾರನೆಯ ದಿನ ಪಾಠ ಶುರುವಾಗುವ ಮುಂಚೆ ಬೈರಮ್ಮ ಕನ್ನಡಕ ಒರೆಸಿಕೊಂಡಳು. "ನೆನ್ನೆ ನಾನೂ ನಕ್ಬುಟ್ಟೆ. ತಪ್ಪು ನಂದು. ಧನುಶ್ರೀ ನೋಡಿದ್ದೇ ಸರಿ" ಎಂದಳು. ಮದುವೆಯಾದಾಗಿನಿಂದ ಆ ಬಾಯಲ್ಲಿ 'ತಪ್ಪು ನಂದು' ಎಂಬುದನ್ನು ನಾನು ಕೇಳಿರಲಿಲ್ಲ. ಮಂಚದ ಮೇಲೆ ಮಲಗಿದ್ದಲ್ಲೇ ಹೆಂಡತಿಯ ಬಗ್ಗೆ ಹೆಮ್ಮೆಯಾಯಿತು.

ಅರಕೆರೆಯ ಕಡೆಯಿಂದ ಈ ಸಲ ಕ್ಯಾಲೆಂಡರ್ ಕಾಣಲಿಲ್ಲ. ಚಲುವಮ್ಮನವರು ಕ್ಯಾಮೆರಾಗೆ ಎದುರಾಗಿ ಕೂತು, ತಾವೇ ರವಿಕೆ ತೋಳು ಮೇಲೆತ್ತಿ ಕೈ ಚಾಚಿದರು.

"ಸುತ್ತವ್ವ. ನೋಡೋರು ನೋಡ್ಲಿ."